ಎಲೆತೋಟದ ಹೊರಗೆ ಒಂದು ಜೊತೆ ಬೂಟು

"ಆಗಿನಿಂದ ಏನ್ ನೋಡಾಕತ್ತೀರಿ ಚಂದಣ್ಣ? ಬೂಟು ಅವು. ಸತ್ತಾಂವನ ಬೂಟು. ಅವೇನು ಮಾತಾಡ್ತಾವೇನ್ರೀ?"

ಎಸ್‌ಐ ಹಾದಿಮನಿಯವರ ತಾಳ್ಮೆ ಮುಗಿದಿತ್ತು. ನಮ್ಮ ಕರಾವಳಿಯ ಸೆಖೆ ಬಯಲುಸೀಮೆಯ ಆ ಮನುಷ್ಯನಿಗೆ ಇನ್ನೂ ಒಗ್ಗಿರಲಿಲ್ಲ. ಬೆವರು ಒರೆಸಿ ಒರೆಸಿ ಕರವಸ್ತ್ರ ಹಿಂಡುವ ಹಾಗಾಗಿತ್ತು.

"ಮಾತಾಡ್ತವೆ ಸಾರ್. ನಾವು ಕೇಳಬೇಕಷ್ಟೇ," ಎಂದೆ.

ಬಸ್ರೂರು ಆಚೆಯ ಮೇಲ್‌ಹಾಡಿಯಲ್ಲಿ ಜಲಜಕ್ಕನ ವೀಳ್ಯದೆಲೆ ತೋಟದ ಬೇಲಿಬಾಗಿಲಾದ ದಣಪೆಯ ಹತ್ತಿರ ನಾವಿಬ್ಬರೂ ನಿಂತಿದ್ದೆವು. ನಿನ್ನೆ ಬೆಳಿಗ್ಗೆ ಇದೇ ತೋಟದ ನಡುವಿನ ಸಾಲಿನಲ್ಲಿ ಕುಂದಾಪುರದ ಎಲೆ ಮಂಡಿಯ ಲೀಲಾಧರ ಸಾವ್ಕಾರರು ತಲೆಯ ಹಿಂಭಾಗ ಒಡೆದು ಹೆಣವಾಗಿ ಬಿದ್ದಿದ್ದರು. ಮಧ್ಯಾಹ್ನದೊಳಗೆ ಪೊಲೀಸರು ಜಲಜಕ್ಕನ ಅಳಿಯ ಗೋಪಿಯನ್ನು ಠಾಣೆಗೆ ಕರೆದೊಯ್ದಿದ್ದರು. ಇವತ್ತು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ನನ್ನಂಥವನು ಎಷ್ಟು ಕುಣಿದರೂ ಪ್ರಯೋಜನವಿಲ್ಲ.

ನನ್ನಂಥವನು ಎಂದರೆ, ಹೆಡ್ ಕಾನ್‌ಸ್ಟೇಬಲ್ ಕೆಲಸ ಬಿಟ್ಟು ತೆಕ್ಕಟ್ಟೆಯಲ್ಲಿ ಪತ್ತೇದಾರನೆಂದು ಬೋರ್ಡು ತೂಗುಹಾಕಿಕೊಂಡವನು. ಕೊಲೆ ಕೇಸು ನನ್ನ ಬಾಗಿಲಿಗೆ ಬರುವುದಿಲ್ಲ. ಬರುವುದೆಲ್ಲ ಮದುವೆಯ ಗಂಡಿನ ವಿಚಾರಣೆ. ಮುಂಬೈಯಲ್ಲಿ ಹೋಟೆಲ್ ಇದೆ ಎನ್ನುವ ಗಂಡಿಗೆ ನಿಜವಾಗಿ ಹೋಟೆಲ್ ಇದೆಯೋ, ಹೋಟೆಲಿನಲ್ಲಿ ಕೆಲಸ ಇದೆಯೋ ಎಂದು ಪತ್ತೆ ಮಾಡುವುದು ನನ್ನ ಹೊಟ್ಟೆಪಾಡು. ಗೋಪಿಯ ಹೆಂಡತಿ ಅಮಿತಾ ನಿನ್ನೆ ಬಂದು ಅತ್ತಳು. ಆ ಅಳು ನೋಡಲಾರದೆ ಈ ಕೇಸಿಗೆ ಕೈ ಹಾಕಿದೆ.

ಹಾದಿಮನಿಯವರಿಗೆ ಗೋಪಿ ಬೇಕಾದಷ್ಟು ಸಾಕ್ಷಿ ಬಿಟ್ಟುಹೋಗಿದ್ದ. ಅವನದ್ದು ಕಡಲಬದಿಯ ಕೋಡಿಯಲ್ಲಿ ಮನೆ, ಮೀನಿನ ಟೆಂಪೋ. ಬೆಳಿಗ್ಗೆ ಕೋಡಿಯಿಂದ ಹಳ್ಳಿಗಳಿಗೆ ಮೀನು ತರುತ್ತಾನೆ. ವಾಪಸು ಹೋಗುವಾಗ ಟೆಂಪೋ ತೊಳೆದು, ಮೇಲ್‌ಹಾಡಿಯ ಎಲೆಬುಟ್ಟಿಗಳನ್ನು ಹೇರಿಕೊಂಡು ಕುಂದಾಪುರದ ಮಂಡಿಗೆ ಮುಟ್ಟಿಸುತ್ತಾನೆ. ಮೊನ್ನೆ ಮಂಡಿಯಲ್ಲಿ ಲೀಲಾಧರ ಬುಟ್ಟಿಗೆ ಮೂಗು ಹಿಡಿದು, "ಇದ್ ಎಲೆಯಾ, ಬಂಗುಡೆಯಾ?" ಎಂದು ಪೇಟೆಯ ಜನರೆದುರು ನಕ್ಕರಂತೆ. ಅಷ್ಟಕ್ಕೇ ಬಿಡಲಿಲ್ಲ. ಬಾಳೆಎಲೆ ಹಾಸಿ ಜೋಡಿಸಿದ್ದ ಬುಟ್ಟಿಗಳನ್ನು ಒಂದೊಂದಾಗಿ ರಸ್ತೆಗೆ ಕವುಚಿ ಹಾಕಿಸಿದರು. ಗೋಪಿ ಅವರ ಅಂಗಿ ಹಿಡಿದಿದ್ದ. "ನಿನ್ನ ಮಣ್ಣ್ ಮಾಡ್ದೆ ಬಿಡ್ತಿಲ್ಲೆ" ಎಂದು ಕೂಗಿದ್ದ. ಕೇಳಿಸಿಕೊಂಡವರಿಗೇನೂ ಬರಗಾಲವಿಲ್ಲ.

ರಸ್ತೆಯಿಂದ ಆಯ್ದು ತುಂಬಿದ ಆ ಎಲೆಯನ್ನು ಬ್ರಹ್ಮಾವರಕ್ಕೆ ಒಯ್ದರೆ ಅಲ್ಲಿಯ ಅಂಗಡಿಯವನು ಬುಟ್ಟಿಯ ಬಾಯಿ ಕೂಡ ತೆರೆಯಲಿಲ್ಲ. ಲೀಲಾಧರರ ಫೋನು ಗೋಪಿಯ ಟೆಂಪೋಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಬೈಂದೂರಿನಲ್ಲೂ ಅದೇ ಕತೆ. ಬೆಳೆದವನ ಕೈ ಮೇಲಿರುವುದು ಎಲೆ ಕೊಯ್ಯುವ ತನಕ ಮಾತ್ರ. ಕೊಯ್ದ ಎಲೆಗೆ ಕಾಯುವ ಪುರುಸೊತ್ತಿಲ್ಲ. ಆ ಪುರುಸೊತ್ತು ಇರುವುದು ಪೇಟೆಯಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ. ಅವನು ಸುಮ್ಮನೆ ಕೂತರೆ ಸಾಕು, ಹಳ್ಳಿ ಬಗ್ಗುತ್ತದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗಲೂ ಆ ಮನುಷ್ಯನೆದುರು ಯಾರೂ ಆಡಲಿಲ್ಲ. ಅದೇ ತಪ್ಪಾಗಿದ್ದು.

"ಸಾರ್, ನಿನ್ನೆ ನೀವು ಹೆಣ ನೋಡಲಿಕ್ಕೆ ಈ ತೋಟದೊಳಗೆ ಬೂಟು ಹಾಕಿಕೊಂಡೇ ಹೋದಿರಿ ಅಲ್ವಾ?"

"ಮತ್ತೇನು ಬರಿಗಾಲಿನಾಗ ಹೋಗ್ಬೇಕಿತ್ತೇನು?"

"ಜಲಜಕ್ಕ ಅತ್ತದ್ದು ನೋಡಿದ್ರಾ?"

"ನೋಡಿದೆ. ಹೆಣ ಕಂಡು ಅತ್ತಳು."

"ಹೆಣ ಕಂಡು ಅಲ್ಲ ಸಾರ್. ನಿಮ್ಮ ಬೂಟು ಕಂಡು."

ಅವರು ಬೆವರು ಒರೆಸುವುದನ್ನು ನಿಲ್ಲಿಸಿದರು.

ನಾನು ವಿವರಿಸಿದೆ. ಎಲೆತೋಟಕ್ಕೆ ಇಲ್ಲಿಯವರು ಮೆಟ್ಟು ಹಾಕಿಕೊಂಡು ಕಾಲಿಡುವುದಿಲ್ಲ. ತೋಟದ ಯಜಮಾನನಿರಲಿ, ಕೂಲಿಯಾಳಿರಲಿ, ದಣಪೆಯ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ದೇವರ ಕೋಣೆಗೆ ಹೋದ ಹಾಗೆ. ಮೆಟ್ಟು ಮೆಟ್ಟಿದರೆ ಬಳ್ಳಿ ಒಣಗುತ್ತದೆ ಎಂದು ನಂಬಿಕೆ. ನಂಬದವರೂ ಬಿಡುತ್ತಾರೆ. ಅಜ್ಜಿಯ ಕೈ ಹಿಡಿದು ನಡೆಯುವ ವಯಸ್ಸಿನಿಂದ ಬಂದ ಅಭ್ಯಾಸ ಅದು.

"ಲೀಲಾಧರ ಒಬ್ಬರೇ ಬೂಟು ಬಿಡುತ್ತಿರಲಿಲ್ಲ," ಎಂದೆ. "ಎಲೆ ನೋಡಲು ಬಂದವರು ಬೂಟಿನಲ್ಲೇ ಒಳಗೆ ನುಗ್ಗುತ್ತಿದ್ದರು. ಯಾರಾದರೂ 'ಸಾವ್ಕಾರ್ರೆ, ಕಾಲಲ್ಲಿ...' ಎಂದು ಶುರು ಮಾಡಿದರೆ, ಎಲೆ ಜಗಿಯುವವನಿಗೆ ಬೂಟಿನ ರುಚಿ ಗೊತ್ತಾಗುವುದಿಲ್ಲ ಎಂದು ನಗುತ್ತಿದ್ದರು. ಇಡೀ ಮೇಲ್‌ಹಾಡಿ ಹಲ್ಲು ಕಚ್ಚಿಕೊಂಡು ಸಹಿಸಿತ್ತು. ಅಂಥವರ ಬೂಟು ದಣಪೆಯ ಹೊರಗೆ, ಮದುವೆ ಮನೆಗೆ ಬಂದವರ ಬೂಟಿನಂತೆ ಒಪ್ಪವಾಗಿ ಜೋಡಿಸಿ ಇಟ್ಟದ್ದು ಯಾರು?"

"ತಾನೇ ಬಿಟ್ಟಿರಬೇಕು. ಒಂದಿನ ಬುದ್ಧಿ ಬಂದಿರಬೇಕು."

"ಹಾಗಾದರೆ ಕಾಲುಚೀಲಕ್ಕೆ ಮಣ್ಣು ಮೆತ್ತಬೇಕಿತ್ತಲ್ಲ? ತೋಟಕ್ಕೆ ದಿನವೂ ನೀರು ಬಿಡುತ್ತಾರೆ. ಸಾಲೆಲ್ಲ ಕೆಸರು. ಹೆಣದ ಕಾಲುಚೀಲದ ಅಡಿ ಶುಭ್ರವಾಗಿತ್ತು ಎಂದು ನಿಮ್ಮ ಪಂಚನಾಮೆಯೇ ಹೇಳುತ್ತದೆ. ಬೂಟಿನ ಅಡಿಯೂ ನೋಡಿ, ಒಂದು ಚೂರು ಕೆಸರಿಲ್ಲ. ಬೂಟು ಹಾಕಿಯೂ ಅವರು ಈ ತೋಟದಲ್ಲಿ ನಡೆದಿಲ್ಲ, ಬಿಚ್ಚಿಯೂ ನಡೆದಿಲ್ಲ."

ಹಾದಿಮನಿ ಪ್ಲಾಸ್ಟಿಕ್ ಚೀಲದಿಂದ ಬೂಟು ತೆಗೆದು ತಿರುಗಿಸಿ ನೋಡಿದರು. ಒಳಗಿದ್ದ ಹೆಜ್ಜೆ ಗುರುತುಗಳನ್ನೆಲ್ಲ ಅವರ ಪೇದೆಗಳೇ ನಿನ್ನೆ ತುಳಿದು ಅಳಿಸಿದ್ದರು. ಆ ಮಾತು ನಾನು ಎತ್ತಲಿಲ್ಲ.

"ಅಂದ್ರ... ಹೊರಗ ಹೊಡೆದು, ಹೊತ್ತು ಒಳಗ ಹಾಕ್ಯಾರ?"

"ಹೌದು. ಹೊರುವ ಮೊದಲು ಬೂಟು ಬಿಚ್ಚಿದ್ದಾರೆ. ಕೊಲ್ಲಲು ಹೆದರದವನು ಸತ್ತವನ ಬೂಟು ತೋಟದೊಳಗೆ ಹೋದೀತೆಂದು ಹೆದರಿದ್ದಾನೆ. ಇಂಥ ತಪ್ಪು ಮಾಡುವವನು ಎಲೆತೋಟದ ಮನೆಯಲ್ಲಿ ಹುಟ್ಟಿದವನೇ ಆಗಬೇಕು."

"ಗೋಪಿಗೂ ಈ ಪದ್ಧತಿ ಗೊತ್ತಿರ್ತದಲ್ಲ?"

"ಗೊತ್ತಿರಬಹುದು. ಆದರೆ ಕೋಡಿಯ ಹುಡುಗ ಸಾರ್. ಮೀನಿನ ಕೈಯವನೆಂದು ಜಲಜಕ್ಕ ಇಂದಿನವರೆಗೆ ಅವನನ್ನು ಈ ದಣಪೆ ದಾಟಲು ಬಿಟ್ಟಿಲ್ಲ. ಹೆಣ ಹೊತ್ತು ಕೈಕಾಲು ನಡುಗುವಾಗ ಕೇಳಿ ತಿಳಿದದ್ದು ನೆನಪಿಗೆ ಬರುವುದಿಲ್ಲ. ಹುಟ್ಟಿನಿಂದ ಬಂದದ್ದು ಮಾತ್ರ ಕೈ ತಾನೇ ಮಾಡುತ್ತದೆ."

ಇದನ್ನು ಹೇಳುವಾಗ ನನಗೆ ನನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ? ಗಂಡಿನ ವಿಚಾರಣೆ ಮಾಡಿ ಮಾಡಿ ತುಕ್ಕು ಹಿಡಿದ ತಲೆ ಇನ್ನೂ ಓಡುತ್ತದೆ ಎಂದು ಖುಷಿಯಾಯಿತು.

"ಹಂಗಾದ್ರ ಯಾರು?"

ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಈ ತೋಟದ ಬೇಲಿಗೆ ತಾಗಿಕೊಂಡ ಇನ್ನೊಂದು ಎಲೆತೋಟ ಶೀನನದ್ದು. ಮೊನ್ನೆ ರಸ್ತೆಗೆ ಸುರಿದ ಬುಟ್ಟಿಗಳಲ್ಲಿ ಹೆಚ್ಚಿನವು ಅವನವು. "ಅವ್ನ್ ಕಾಲ್ ಮುರಿಯದಿದ್ರೆ ಕೇಣಿ" ಎಂದು ಚಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದ. ಮೊನ್ನೆ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ ಒಮ್ಮೆ ಗದ್ದೆ ಎನ್ನುತ್ತಾನೆ, ಒಮ್ಮೆ ಹೊಳೆಬದಿ ಎನ್ನುತ್ತಾನೆ.

"ಶೀನ," ಎಂದೆ.

ಜೀಪು ಚಾದಂಗಡಿಯ ಕಡೆ ಹೋಯಿತು. ಒಳಗೆ ಕೂರುವ ಮೊದಲು ಹಾದಿಮನಿ ನನ್ನ ಬೆನ್ನು ತಟ್ಟಿದರು. "ಶೀನ ಒಪ್ಪಿಕೊಂಡ್ರ ಗೋಪಿ ಸಂಜಿಯೊಳಗ ಮನಿಗೆ ಬರ್ತಾನ್ರೀ."

*

ಜಲಜಕ್ಕನ ಮನೆ ತೋಟದಿಂದ ಕೂಗಳತೆಯಲ್ಲಿತ್ತು. ಜಗುಲಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಅಡುಗೆ ಮನೆಯ ಹೊಸ್ತಿಲಲ್ಲಿ ಅವರು ಕಾಲು ಚಾಚಿ ಕೂತು, ಮೊನ್ನೆಯಿಂದ ಮೂಲೆಯಲ್ಲಿ ಬಿದ್ದಿದ್ದ ಎಲೆಗಳಲ್ಲಿ ಹಳದಿಯಾದವನ್ನು ಬೇರ್ಪಡಿಸುತ್ತಿದ್ದರು. ಒಂದನ್ನೂ ಮಾರುವ ಹಾಗಿರಲಿಲ್ಲ. ಆದರೂ ಕೈ ಸುಮ್ಮನೆ ಕೂರಬೇಕಲ್ಲ.

"ಜಲಜಕ್ಕ, ಬಾಯಿ ಸಿಹಿ ಮಾಡಿ. ಗೋಪಿ ಸಂಜಿಗೆ ಬತ್ತ," ಎಂದೆ.

ಅವರು ತಲೆ ಎತ್ತಿದರು. ನಗಲಿಲ್ಲ.

"ಹೌದಾ? ಹ್ಯಾಂಗೆ?"

ನಾನು ಬೂಟಿನ ಕತೆಯನ್ನು ಮತ್ತೆ ಹೇಳಿದೆ. ಕಾಲುಚೀಲ, ಕೆಸರಿಲ್ಲದ ಬೂಟು, ಹುಟ್ಟಿನಿಂದ ಬಂದ ಅಭ್ಯಾಸ, ಎಲ್ಲ. ಎರಡನೆಯ ಸಲ ಹೇಳುವಾಗ ಇನ್ನಷ್ಟು ಚೆನ್ನಾಗಿ ಬಂತು. ಹೇಳುತ್ತ ಹೋದಂತೆ ಅವರ ಕೈಯ ಚಲನೆ ನಿಂತಿತು. ಶೀನನ ಹೆಸರು ಬಂದಾಗ ಮಡಿಲಿನ ಎಲೆಗಳೆಲ್ಲ ನೆಲಕ್ಕೆ ಬಿದ್ದವು.

"ಶೀನನ್ನ ಹಿಡಿದ್ರಾ?"

"ಜೀಪು ಹೋಯಿತ್."

"ಅಯ್ಯೋ ಚಂದಣ್ಣ, ಎಂತ ಮಾಡ್ಬಿಟ್ರಿ ಮಾರಾಯ್ರೆ! ಆ ಪಾಪದವ ಒಂದ್ ಹಾವ್ ಕಂಡ್ರೂ ಹೊಡಿವವ ಅಲ್ಲ."

"ಹಾಗಾದರೆ ಬೂಟು ಬಿಚ್ಚಿದ್ದು ಯಾರು?"

ಅವರು ಬಿದ್ದ ಎಲೆಗಳನ್ನು ಒಟ್ಟು ಮಾಡತೊಡಗಿದರು. ಒಳ್ಳೆಯದು, ಹಳದಿ, ಎಲ್ಲ ಒಂದೇ ರಾಶಿಗೆ ಬೀಳುತ್ತಿದ್ದವು.

ಆಗ ನನಗೆ ಹೊಳೆಯಿತು. ನಿನ್ನೆಯಿಂದ ಈ ಹೆಂಗಸನ್ನು ಏನೇನೋ ಕೇಳಿದ್ದೆ. ಯಾವಾಗ ನೋಡಿದಿರಿ, ಯಾರನ್ನು ಕರೆದಿರಿ, ಯಾರಾದರೂ ಓಡಿದ್ದು ಕಂಡಿತೇ. ಹೆಣವನ್ನು ಮುಟ್ಟಿದಿರಾ ಎಂದು ಮಾತ್ರ ಕೇಳಿರಲಿಲ್ಲ. ಪೊಲೀಸ್ ಕೆಲಸಕ್ಕೆ ಸೇರಿದವನಿಗೆ ಮೊದಲು ಕಲಿಸುವ ಪ್ರಶ್ನೆ ಅದು.

"ಜಲಜಕ್ಕ, ನೀವಾ?"

"ನಾನೇ."

"ಯಾಕೆ?"

"ಯಾಕಂದ್ರೆ? ಬೂಟ್ ಹಾಯ್ಕಂಡ್ ನಡು ಸಾಲಂಗ್ ಬಿದ್ಕಂಡಿದ್ದ. ಕುಡ್ದ್ ಬಿದ್ದಿದ ಅಂದ್ಕಂಡೆ. ಮೊದ್ಲ್ ನಂಗ್ ಕಂಡದ್ದ್ ತಲೆ ಅಲ್ಲ ಚಂದಣ್ಣ, ಬೂಟ್. ಆ ಬೂಟ್ ಕಂಡ್ ಕಂಡ್ ನನ್ ಕಣ್ಣ್ ಉರ್ದ್ ಹೋಯಿತ್. ಬಿಚ್ಚಿ ತಕಂಡ್ ಹೊರಗ್ ಇಟ್ಟೆ."

"ಅಡಿಯಲ್ಲಿ ಕೆಸರು ಇರಲಿಲ್ಲವಲ್ಲ?"

"ತೊಳ್ದೆ. ತೆಂಗಿನ ಸಿಪ್ಪಿ ಹಾಯ್ಕಂಡ್ ತಿಕ್ಕಿ ತೊಳ್ದೆ. ನನ್ ತ್ವಾಟದ ಮಣ್ಣ್ ಅವ್ನ್ ಕಾಲಡಿಗೆ ಇಪ್ಪುದ್ ಬ್ಯಾಡ ಅಂದೇಳಿ."

ನಾನು ಗೋಡೆಗೆ ಒರಗಿ ಕೂತೆ. ಅಷ್ಟು ಹೆಮ್ಮೆಪಟ್ಟು ಕಟ್ಟಿದ ಲೆಕ್ಕಾಚಾರವನ್ನು ಒಂದು ಹಿಡಿ ತೆಂಗಿನ ಸಿಪ್ಪೆ ತಿಕ್ಕಿ ಹಾಕಿತ್ತು. ಲೀಲಾಧರ ಎಂದಿನಂತೆ ಬೂಟಿನಲ್ಲೇ ತೋಟದೊಳಗೆ ಬಂದಿದ್ದರು. ಒಳಗೇ ಏಟು ಬಿದ್ದಿತ್ತು. ಹೊಡೆದವನಿಗೆ ಎಲೆತೋಟದ ಪದ್ಧತಿ ಗೊತ್ತಿರಬೇಕಾಗಿಯೇ ಇರಲಿಲ್ಲ. ಎಂದರೆ ಗೋಪಿಯ ಕುತ್ತಿಗೆಗೆ ಹಗ್ಗ ಮತ್ತೆ ಬಂತು. ನನ್ನ ದೆಸೆಯಿಂದ ಶೀನನ ಕುತ್ತಿಗೆಗೂ ಬಂತು.

"ನಿನ್ನೆ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಇದನ್ನು?"

"ಬೆಳಿಗ್ಗೆ ಅಲ್ಲ," ಎಂದರು ಜಲಜಕ್ಕ.

"ಎಂತ ಬೆಳಿಗ್ಗೆ ಅಲ್ಲ?"

"ನಾನ್ ಕಂಡದ್ದ್ ಬೆಳಿಗ್ಗೆ ಅಲ್ಲ. ಹಿಂದಿನ ದಿನ, ಕಪ್ಪಾಪ್ ಹೊತ್ತಿಗೆ. ದಣಪಿ ಹಾಕುಕ್ ಹೋದವ್ಳ್ ಕಂಡೆ."

ಅಡುಗೆ ಮನೆಯಲ್ಲಿ ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿಗೆ ಬಿದ್ದ ಸದ್ದು ಬಂತು. ಇಬ್ಬರೂ ಏಳಲಿಲ್ಲ.

"ಬೂಟ್ ಎಳಿವ ಹೊತ್ತಿಗೆ ಕಾಲ್ ಹಿಂದ್ ಎಳ್ಕಂಡ," ಎಂದರು ಅವರು. ದನಿ ನೆಲಕ್ಕೆ ಹೇಳಿದ ಹಾಗಿತ್ತು.

"ಜೀವ ಇತ್ತಾ?"

"ಇದ್ದಿತ್. ಬಗ್ಗಿ ಕಂಡ್ರೆ ತಲೆ ಅಡಿಗೆ ರಕ್ತ. ನೀರ್ ಕೇಂಡ."

"ಕೊಟ್ಟಿರಾ?"

"ತರುಕ್ ಎದ್ದಿದ್ದೆ. ಅಷ್ಟರಂಗ್ ಒಂದ್ ಹೆಸ್ರ್ ಹೇಳ್ದ. ಆ ಹೆಸ್ರ್ ಕೇಂಡ್ ಮೇಲೆ ನಾನ್ ನೀರೂ ತರ್ಲಿಲ್ಲ, ಯಾರನ್ನೂ ಕರಿಲೂ ಇಲ್ಲ. ಅಲ್ಲೇ ಕೂಕಂಡೆ. ಉಸ್ರ್ ನಿಂತ್ ಮೇಲೆ ಬೂಟ್ ತೊಳ್ದ್ ಇಟ್ಟ್, ಮನಿಗ್ ಬಂದೆ."

ಇಷ್ಟು ಕೆಟ್ಟ ಮಾತನ್ನು ಇಷ್ಟು ಶಾಂತವಾಗಿ ಯಾರೂ ನನ್ನೆದುರು ಹೇಳಿರಲಿಲ್ಲ. ಸಿಟ್ಟು ಬಂತು, ಕನಿಕರವೂ ಬಂತು. ಎರಡರಲ್ಲಿ ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ.

"ಯಾರ ಹೆಸರು ಜಲಜಕ್ಕ? ಗೋಪಿಯದ್ದಾ?"

"ಗೋಪಿ ಹೆಸ್ರ್ ಹೇಳಿರೆ ಊರೆಲ್ಲ ಕೇಂಬ್ಹಂಗ್ ಕೂಗ್ತಿದ್ದೆ. ಅವ ಹೋದ್ರ್ ಹೋಯ್ಲಿ, ಮನಿಗ್ ಬಂದವ, ಮನಿಲ್ ಹುಟ್ಟಿದವ ಅಲ್ಲ." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದರೊಳಗಿಂದಲೇ ಬಂತು ಹೆಸರು. "ಅಮಿತಾ ಅಂದ. ನನ್ ಮಗ್ಳ್ ಹೆಸ್ರ್. ಎರಡ್ ಸರ್ತಿ ಅಂದ."

"ಅಮಿತಾ ಹೊಡೆದಳು ಅಂತಲಾ?"

"ಗೊತ್ತಿಲ್ಲ! ದೂರ್ ಹೇಳ್ದದ್ದಾ, ಕರ್ದದ್ದಾ, ನಂಗೊತ್ತಿಲ್ಲ. ಯಾವ್ದಾರೂ ನಂಗ್ ಬ್ಯಾಡ. ಸಾಯುವ ಗಂಡ್ಸಿನ ಬಾಯಂಗ್ ನನ್ ಮಗ್ಳ್ ಹೆಸ್ರ್ ಎಂತಕ್ ಬಪ್ದ್ ಹೇಳಿ?"

"ಅವಳಿಗೂ ಅವರಿಗೂ ಏನು ಸಂಬಂಧ?"

"ಮದಿ ಮುಂಚೆ ಅವ್ನ್ ಮಂಡಿಗೇ ಎಲೆ ಬಿಡ್ಸು ಕೆಲ್ಸಕ್ ಹೋತಿದ್ಲ್. ವರ್ಷಗಟ್ಲೆ. ಒಂದಿನ ಬಸ್ಸಿಳ್ದ್ ಬಂದವ್ಳ್, ಇನ್ ಹೋತಿಲ್ಲೆ ಅಂದ್ಲ್. ಎಂತಕೆ ಅಂದ್ರೆ ಮಾತಿಲ್ಲ. ಮತ್ತ್ ನಾನೂ ಕೇಂಬುಕ್ ಹೋಯ್ಲಿಲ್ಲ. ಎಲೆ ಕೊಡುದ್ ಅವ್ನಿಗೇ ಅಲ್ದಾ ಚಂದಣ್ಣ? ಕೇಂಡ್ರೆ ಎಲೆ ಎಲ್ಲಿಗ್ ಹೊರ್ಕಿತ್ತ್?"

ಆ ಮದುವೆಗೆ ಗೋಪಿಯ ವಿಚಾರಣೆ ಮಾಡಿದವನು ನಾನೇ. ಕುಡಿಯುವುದಿಲ್ಲ, ಇಸ್ಪೀಟಿಲ್ಲ, ಟೆಂಪೋ ಅವನ ಹೆಸರಿನಲ್ಲೇ ಇದೆ ಎಂದು ಬರೆದುಕೊಟ್ಟಿದ್ದೆ. ಹುಡುಗಿಯ ಬಗ್ಗೆ ಕೇಳಲು ಯಾರೂ ನನ್ನನ್ನು ನೇಮಿಸಿರಲಿಲ್ಲ. ಹಳ್ಳಿಯ ಹುಡುಗಿ, ಪೇಟೆಯ ಮಂಡಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು, ಅದರಲ್ಲಿ ವಿಚಾರಿಸುವುದೇನು ಎಂದುಕೊಂಡಿತ್ತು ಲೋಕ. ಎಲೆಯ ಜೊತೆಗೆ ಇನ್ನೇನೇನು ಆ ಪೇಟೆಗೆ ಹೋಗಿ ವಾಪಸು ಬರಲಿಲ್ಲವೋ.

"ನಾನು ಶೀನನನ್ನು ಬಿಡಿಸಬೇಕು ಜಲಜಕ್ಕ. ಬೂಟು ಬಿಚ್ಚಿದ್ದು ನೀವೆಂದು ಹಾದಿಮನಿಯವರಿಗೆ ಹೇಳಲೇಬೇಕು."

"ಹೇಳಿ. ಮತ್ತೆ ಅವ್ರ್ ನನ್ನ ಕೇಂತ್ರ್, ಎಂತ ಕಂಡೆ, ಎಂತ ಕೇಂಡೆ ಅಂದೇಳಿ. ನಂಗ್ ಸುಳ್ಳ್ ಹೇಳುಕ್ ಬತ್ತಿಲ್ಲ ಚಂದಣ್ಣ. ಒಂದ್ ದಿನ ಸುಮ್ನಿಪ್ಪುಕ್ಕೇ ಹೊಟ್ಟಿ ಒಡ್ದ್ ಹೋಯಿತ್. ಹೇಳುಕ್ ಮುಂಚೆ ನೀವೇ ಹೇಳಿ. ಅಳಿಯನ್ನ ಕೊಡ್ಲಾ, ಪಕ್ಕದ್ಮನಿ ಶೀನನ್ನ ಕೊಡ್ಲಾ, ಹೊತ್ತ್ ಹೆತ್ತ್ ಮಗ್ಳನ್ನ ಕೊಡ್ಲಾ?"

ಜೇಬಿನಿಂದ ಮೊಬೈಲು ತೆಗೆದೆ. ಮೊದಲು ಜೀಪು ನಿಲ್ಲಿಸಬೇಕು, ಉಳಿದದ್ದು ಆಮೇಲೆ. ಆ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅಂಗಳಕ್ಕೆ ಹೋಗಬೇಕು. ಎದ್ದೆ.

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ಅಮಿತಾ ಓಡುತ್ತ ಒಳಗೆ ಬಂದಳು. ಮುಖವೆಲ್ಲ ಬೆವರು, ಎರಡು ದಿನದಲ್ಲಿ ಮೊದಲ ಸಲ ನಗು.

"ಚಂದಣ್ಣ! ಚಾದಂಗ್ಡಿ ಹತ್ರ ಶೀನಣ್ಣನ್ನ ಜೀಪಿಗ್ ಹತ್ಸ್ರ್. ಎಸ್‌ಐಯೇ ಹೇಳ್ರ್, ನಮ್ಮನಿಯವ್ರನ್ನ ಬಿಡ್ತ್ರಂಬ್ರ್! ನೀವ್ ದೇವ್ರ್ ಮಾರಾಯ್ರೆ..."

ಮಾತು ಅಲ್ಲಿಗೆ ನಿಂತಿತು. ಅವಳು ನನ್ನ ಕೈಯಲ್ಲಿದ್ದ ಮೊಬೈಲು ನೋಡಿದಳು. ನೆಲದಲ್ಲಿ ಚೆಲ್ಲಿದ ಎಲೆಗಳನ್ನು ನೋಡಿದಳು. ಆಮೇಲೆ ತಾಯಿಯ ಮುಖ ನೋಡಿದಳು. ಜಲಜಕ್ಕ ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ನಿನ್ನೆ ನನ್ನ ಜಗುಲಿಯಲ್ಲಿ ಕೂತು ಅತ್ತ ಹುಡುಗಿಯ ಕಣ್ಣು ಅದಾಗಿರಲಿಲ್ಲ.

"ಅಬ್ಬಿ," ಎಂದಳು ತಾಯಿಗೆ, ಮೆಲ್ಲಗೆ. "ಇವ್ರಿಗ್ ನೀ ಎಂತ ಹೇಳ್ದೆ?"

ನನ್ನ ಮೇಲಿನ ಕಣ್ಣು ತೆಗೆಯದೆ, ಕೈಯನ್ನು ಹಿಂದಕ್ಕೆ ಚಾಚಿ ಬಾಗಿಲ ಚಿಲಕ ಹಾಕಿದಳು.